ಒರ್ಲಿಕ್ ಬೀದಿಯ ಪೌಲೀನ್ ಮತ್ತು ಪೋರ್ತೋದ ಮೆಟ್ಟಿಲು

ಪೌಲೀನ್ ಜುಬಾಕ್ ಬಗ್ಗೆ ಬರೆಯೋಣವೆಂದು ಕೂತರೆ ಮೊದಲು ಬರುವುದು ಕೋಪ. ಅವಳ ಮೇಲಲ್ಲ. ನಮ್ಮ ಪಿಟ್ಸ್‌ಬರ್ಗಿಗೆ ಬಂದವರೆಲ್ಲ ಪೆಟ್ಟಿಗೆ ಕೆಳಗಿಡುವ ಮುಂಚೆಯೇ ಇದು ಯುರೋಪಿನ ಯಾವ ಊರಿನ ಹಾಗಿದೆ ಎಂದು ತೀರ್ಪು ಕೊಟ್ಟುಬಿಡುತ್ತಾರಲ್ಲ, ಅವರ ಮೇಲೆ. ಉಕ್ಕಿನ ಕಾರ್ಖಾನೆಗಳು ಉರಿಯುತ್ತಿದ್ದ ಕಾಲಕ್ಕೆ ನಾವು ಶೆಫೀಲ್ಡ್ ಆಗಿದ್ದೆವು. ಅವು ಮುಚ್ಚಿದ ಮೇಲೆ, ಮ್ಯೂಸಿಯಂ ಕಟ್ಟಿಕೊಂಡು ಬಿಲ್ಬಾವೋ ಆಗಿ ಎಂದರು. ನಡುವೆ ಯಾರೋ ನಮ್ಮ ಮೋಡ ಕವಿದ ಆಕಾಶ ನೋಡಿ ಗ್ಲ್ಯಾಸ್ಗೋ ಎಂದರು. ಡೆಟ್ರಾಯಿಟ್ ಅಂದರೆ ಟ್ಯೂರಿನ್ ಅಂತೆ, ಮಿಲ್ವಾಕಿ ಅಂದರೆ ಮ್ಯೂನಿಕ್ ಅಂತೆ, ನ್ಯೂ ಆರ್ಲಿಯನ್ಸ್ ಅಂದರೆ ಮಾರ್ಸೇ ಅಂತೆ. ತೊಟ್ಟಿಲ ಮಗುವಿನ ಮುಖ ನೋಡಿ ಮೂಗು ಸೋದರಮಾವನದು, ಕಿವಿ ಅಜ್ಜನದು ಎನ್ನುವವರು ಎಲ್ಲ ಕಡೆ ಇದ್ದಾರೆ. ಆದರೆ ಬೆಳೆದು ದುಡಿದು ತಲೆ ನೆರೆತ ಮನುಷ್ಯನ ಮುಂದೆ ನಿಂತು ಯಾರೂ ಹಾಗೆ ಹೇಳುವುದಿಲ್ಲ. ಊರಿಗೆ ಮಾತ್ರ ಆ ಮರ್ಯಾದೆಯೂ ಇಲ್ಲ.

ಪೌಲೀನ್ ಹುಟ್ಟಿದ್ದು, ಬೆಳೆದದ್ದು, ಈಗಲೂ ಇರುವುದು ಒರ್ಲಿಕ್ ಬೀದಿಯಲ್ಲಿ. ಒರ್ಲಿಕ್ ಬೀದಿ ಎಂದರೆ ಗುಡ್ಡದ ಮೈಗೆ ಅಂಟಿಕೊಂಡ ನೂರ ಅರವತ್ತೆಂಟು ಮೆಟ್ಟಿಲು. ಅಷ್ಟೇ ಬೀದಿ. ಊರಿನ ನಕ್ಷೆಯಲ್ಲಿ ಅದಕ್ಕೆ ಹೆಸರಿದೆ, ಮನೆಗಳಿಗೆ ನಂಬರಿದೆ, ಚಕ್ರ ಇರುವ ಯಾವುದೂ ಮಾತ್ರ ಹತ್ತಲಾಗದು. ಎಡಬಲಕ್ಕೆ ಐದು ಮನೆ. ಮೇಲೆ ಮೆಟ್ಟಿಲು ಮುಗಿದಲ್ಲಿ ಕಾಡು ಗುಡ್ಡ, ಕೆಳಗೆ ಬಸ್ಸು ನಿಲ್ಲುವ ಜಾಗ. ಕಾರಿಗೆ ದಾರಿ ಹೇಳುವ ಯಂತ್ರ ಇದನ್ನು ನಿಜವಾದ ರಸ್ತೆಯೆಂದೇ ನಂಬಿದೆ. ಪಿಜ್ಜಾ ತರುವವರು ಕೆಳಗೆ ನಿಂತು ತಲೆ ಮೇಲೆತ್ತಿ ಬೈಯುತ್ತಾರೆ. ಪೌಲೀನ್ ವರಾಂಡದಿಂದ ಕೂಗುತ್ತಾಳೆ: "ಹತ್ತು ಕಣೋ! ಪಿಜ್ಜಾ ಆರಿದ್ರೂ ನೀನು ಬಿಸಿಯಾಗಿರ್ತೀಯ!"

ಅವಳ ಮನೆಗಿಂತ ಮೂವತ್ತೆರಡು ಮೆಟ್ಟಿಲು ಮೇಲೆ ನನ್ನ ಮನೆ. ನಾನು ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ಅವಳ ಲೆಕ್ಕದಲ್ಲಿ ನಾನು ಇನ್ನೂ ಹೊಸಬ.

ಅವಳ ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ವೆಲ್ಡರ್. ಮೆಟ್ಟಿಲಿನ ಮರದ ಕಟಕಟೆ ಕೊಳೆತು ಒಬ್ಬರು ಬಿದ್ದು ಕಾಲು ಮುರಿದುಕೊಂಡಾಗ ಕಚೇರಿಯವರು ಬರೆದುಕೊಂಡು ಹೋದರು. ಎರಡು ವರ್ಷ ಕಾದ ಅಪ್ಪ ಕಾರ್ಖಾನೆಯಿಂದ ದಿನಕ್ಕೊಂದು ಪೈಪು ಹೊತ್ತು ತಂದು, ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿಸಿ ಬಂದು ಬೆಸೆದು, ಮೇಲಿನವರೆಗೂ ಕಟಕಟೆ ಕಟ್ಟಿದ. ಕಾರ್ಖಾನೆಯ ಗೇಟಿನಲ್ಲಿ ಯಾರೂ ಕೇಳಲಿಲ್ಲವೇ ಎಂದು ನಾನೊಮ್ಮೆ ಪೌಲೀನಳನ್ನು ಕೇಳಿದ್ದೆ.

"ಗೇಟಿನವನ ಮನೇನೂ ಇದೇ ಮೆಟ್ಟಿಲ ಮೇಲಿತ್ತು," ಎಂದಳು.

ಕಾರ್ಖಾನೆ ಮುಚ್ಚಿದಾಗ ಅವಳಿಗೆ ಇಪ್ಪತ್ಮೂರು. ಮರುವರ್ಷ ಅಂಚೆಯ ಚೀಲ ಹೆಗಲಿಗೇರಿತು. ಮೂವತ್ತೇಳು ವರ್ಷವಾಯಿತು, ಇಂದಿಗೂ ಇಳಿದಿಲ್ಲ. ಅವಳ ಪಾಲಿನ ದಾರಿಯಲ್ಲಿ ಹನ್ನೊಂದು ಮೆಟ್ಟಿಲ ಬೀದಿಗಳು. ಕಾರಿನಲ್ಲಿ ಹಂಚುವ ದಾರಿ ಕೊಡುತ್ತೇವೆ ಎಂದು ಮೂರು ಸಲ ಕರೆದರು. "ಕೂತು ಮಾಡೋ ಕೆಲಸ ನಂಗೆ ಒಗ್ಗಲ್ಲ" ಎಂದುಬಿಟ್ಟಳು. ಮದುವೆ ಆಗಿತ್ತು, ಗಂಡ ಕ್ಲೀವ್‌ಲ್ಯಾಂಡಿಗೆ ಹೋದ, ಇವಳು ಹೋಗಲಿಲ್ಲ. ಅದರ ಬಗ್ಗೆ ಅವಳು ಹೇಳುವುದು ಒಂದೇ ಮಾತು: "ಅಲ್ಲಿ ಎಲ್ಲ ಸಪಾಟು."

ಈ ಬೀದಿಯಲ್ಲಿ ಯಾರದೇ ಮನೆಯ ಮದುವೆಯಾದರೂ, ನೆಂಟರು ನೆರೆಯವರು ಮಾಡಿ ತಂದು ತುಂಬಿಸುವ ಬಿಸ್ಕತ್ತಿನ ಮೇಜಿಗೆ ಅವಳ ಆಕ್ರೋಟು ಸುರುಳಿ ಇಪ್ಪತ್ತು ಡಜನ್ ಬಂದೇ ಬರುತ್ತದೆ. ಹಿಮ ಬಿದ್ದ ಬೆಳಿಗ್ಗೆ ಐದಕ್ಕೆಲ್ಲ ಅವಳ ಸಲಿಕೆಯ ಸದ್ದು ಕೇಳುತ್ತದೆ. ತನ್ನ ಮನೆಯ ಮುಂದಿನ ನಾಲ್ಕು ಮೆಟ್ಟಿಲಲ್ಲ, ಬಸ್ಸಿನವರೆಗೆ ಅಷ್ಟನ್ನೂ ಬಳಿಯುತ್ತಾಳೆ. ಸಿಮೆಂಟು ಎದ್ದ ಕಡೆ ನಾವೈದು ಮನೆಯವರೇ ಸೇರಿ ತೇಪೆ ಹಾಕುತ್ತೇವೆ. ಚೆಂದವಿಲ್ಲ, ಗಟ್ಟಿಯಿದೆ.

ಹೋದ ವರ್ಷ ಜೂನಿನಲ್ಲಿ ಕ್ಯಾಮೆರಾ ಹೊತ್ತ ಒಬ್ಬ ಏದುಸಿರು ಬಿಡುತ್ತ ಹತ್ತಿ ಬಂದ. ಅಮೆರಿಕದ ಒಂದೊಂದು ಊರಿಗೂ ಯುರೋಪಿನಲ್ಲಿ ಅವಳಿ ಹುಡುಕಿ ಚಿತ್ರಪ್ರದರ್ಶನ ಮಾಡುತ್ತಾರಂತೆ. ಈ ಸಲ ನಮ್ಮ ಪಾಲಿಗೆ ಪೋರ್ಚುಗಲ್ಲಿನ ಪೋರ್ತೋ. ಅಲ್ಲೂ ನದಿ, ಅಲ್ಲೂ ಸೇತುವೆ, ಅಲ್ಲೂ ಗುಡ್ಡದ ಮೆಟ್ಟಿಲು. ಪೌಲೀನ್ ಅವನಿಗೆ ನೀರು ಕೊಟ್ಟಳು, ಎರಡು ಸುರುಳಿ ತಿನ್ನಿಸಿದಳು. ಅವನು ಫೋಟೋ ಹೊಡೆದುಕೊಂಡು ಹೋದ.

ಸೆಪ್ಟೆಂಬರಿನಲ್ಲಿ ಕೆಳಗಿನ ಕಂಬಕ್ಕೆ ನೋಟೀಸು ಅಂಟಿತು. ಮೆಟ್ಟಿಲ ಉಸ್ತುವಾರಿ ಯಾವ ಕಚೇರಿಯದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಅವರು ಇನ್ನೊಂದು ಕಚೇರಿಯ ಕಡೆ ಬೆರಳು ತೋರಿಸುತ್ತಾರೆ. ನೋಟೀಸಿನ ಸಾರ ಇಷ್ಟು: ಸಲಹೆಗಾರರ ವರದಿಯಂತೆ ಒರ್ಲಿಕ್ ಬೀದಿಯ ಮೆಟ್ಟಿಲು ಅಪಾಯಕಾರಿ, ಲಗತ್ತಿಸಿದ ಚಿತ್ರ ನೋಡುವುದು, ನವೆಂಬರಿನಲ್ಲಿ ಒಡೆದು ತೆಗೆಯಲಾಗುವುದು, ಐದು ಮನೆಯವರು ಬೇರೆ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು. ಲಗತ್ತಿಸಿದ ಚಿತ್ರ ಮಾತ್ರ ಲಗತ್ತಿಸಿರಲಿಲ್ಲ.

ಬೇರೆ ವ್ಯವಸ್ಥೆ! ಮೆಟ್ಟಿಲು ಹೋದರೆ ನಾವು ಹಕ್ಕಿಗಳಾಗಬೇಕು, ಇಲ್ಲ ಮನೆ ಬಿಡಬೇಕು. ಪೌಲೀನ್ ಆ ಕಾಗದವನ್ನು ಎರಡು ಸಲ ಓದಿದಳು. ಜನ್ಮವಿಡೀ ಬೇರೆಯವರ ಕಾಗದ ಹಂಚಿದವಳು ಇದನ್ನು ಕಂಬದಿಂದ ಕಿತ್ತು ತನ್ನ ಚೀಲಕ್ಕೆ ತುರುಕಿದಳು.

"ನಮ್ಮಪ್ಪನ ಹೆಣ ಇಳಿಸಿದ್ದು ಇದೇ ಮೆಟ್ಟಿಲ ಮೇಲೆ," ಎಂದಳು. "ಆರು ಜನ ಹೊತ್ರು. ಒಬ್ರೂ ಎಡವಲಿಲ್ಲ. ಅಪಾಯ ಅಂತೆ, ಅಪಾಯ!"

ಕಚೇರಿಗೆ ಹೋದೆವು. ಕಿಟಕಿಯಾಚೆಯವರು, ವರದಿ ಬರೆದವನನ್ನೇ ಕೇಳಿ, ಅಕ್ಟೋಬರಿನಲ್ಲಿ ಪ್ರದರ್ಶನಕ್ಕೆ ಬರುತ್ತಾನೆ ಎಂದರು. ಅಂದರೆ ಪ್ರದರ್ಶನ ಮಾಡುವವನೂ ಅವನೇ, ನಮ್ಮನ್ನು ಬೀದಿಗೆ ತರುವವನೂ ಅವನೇ. ಟ್ರೆಂಟ್ ಆಲ್ಡರ್ಸನ್ ಎಂದು ಹೆಸರು. ಬೇರೆ ರಾಜ್ಯದವನು.

ಪ್ರದರ್ಶನದ ಸಂಜೆ ಪೌಲೀನ್ ಕೆಲಸದ ಬಟ್ಟೆಯಲ್ಲೇ ಬಂದಳು. ತಿಂಡಿಯ ಮೇಜಿನ ಮೇಲೆ ಪೋರ್ಚುಗೀಸರ ಪುಟ್ಟ ಕೆನೆಕಡುಬುಗಳನ್ನು ತಲೆಗೊಂದರಂತೆ ಎಣಿಸಿಟ್ಟಿದ್ದರು.

"ಬಿಸ್ಕತ್ ಮೇಜೇ ಇಲ್ವಲ್ಲೋ. ಇದೆಂಥ ಸಮಾರಂಭ, ಸತ್ತೋರ ಮನೇಲೂ ಇದಕ್ಕಿಂತ ಜಾಸ್ತಿ ಇರತ್ತೆ," ಎಂದು ನನ್ನ ಕಿವಿಯಲ್ಲಿ ಗೊಣಗಿದಳು.

ಗೋಡೆಯ ಮೇಲೆ ಜೋಡಿ ಜೋಡಿ ಚಿತ್ರಗಳು. ನಮ್ಮ ಜೋಡಿಯ ಮುಂದೆ ಗುಂಪು ಸೇರಿತ್ತು. ಎಡಗಡೆಯ ಚಿತ್ರದಲ್ಲಿ ಇಳಿಬಿಸಿಲು, ಕಬ್ಬಿಣದ ಕಟಕಟೆ, ಹಳೆಯ ಡಬ್ಬಗಳಲ್ಲಿ ಟೊಮೆಟೊ ಗಿಡ, ಹಗ್ಗದ ಮೇಲೆ ಒಗೆದ ಬಟ್ಟೆ. ಅಡಿಯಲ್ಲಿ ಬರೆದಿತ್ತು: "ಪೋರ್ತೋ. ಇಲ್ಲಿ ಮೆಟ್ಟಿಲೇ ಬದುಕು. ಜನ ತಾವೇ ಕಾಪಾಡಿಕೊಂಡ ಸೌಂದರ್ಯ." ಬಲಗಡೆಯದರಲ್ಲಿ ಪಾಚಿ, ಅಂಚು ಮುರಿದ ಕಲ್ಲು, ಸುಣ್ಣ ಉದುರಿದ ಗೋಡೆ, ಒಂದು ಬಡಕಲು ಬೆಕ್ಕು. ಅಡಿಯಲ್ಲಿ: "ಪಿಟ್ಸ್‌ಬರ್ಗ್, ಒರ್ಲಿಕ್ ಬೀದಿ. ಕುಸಿತದ ಅಂಚಿನಲ್ಲಿ."

ಮುತ್ತಿನ ಸರದ ಒಬ್ಬಾಕೆ ಎಡಗಡೆಯದನ್ನು ನೋಡಿ ಕಣ್ಣು ತುಂಬಿಕೊಂಡಿದ್ದಳು. "ನೋಡಿ, ತೇಪೆ ಹಾಕಿರೋದ್ರಲ್ಲೂ ಎಷ್ಟು ಪ್ರೀತಿ ಇದೆ! ನಮ್ಮ ಜನಕ್ಕೆ ಇದೆಲ್ಲ ಯಾವಾಗ ಬರತ್ತೋ." ಪೌಲೀನ್ ಕಡೆ ತಿರುಗಿ ಕೇಳಿದಳು: "ನೀವು ಯುರೋಪಿಗೆ ಹೋಗಿದ್ದೀರಾ? ಒಂದ್ಸಲ ಹೋಗ್ಬೇಕು ನೀವು."

ಪೌಲೀನ್ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಳು. "ನಾನು ಇವತ್ತು ಬೆಳಿಗ್ಗೆ ಇದನ್ನೇ ಇಳಿದು ಬಂದೆ," ಎಂದಳು.

ಆಕೆ ನಕ್ಕಳು. ಪೌಲೀನ್ ನಗಲಿಲ್ಲ. "ರೀ ಆಲ್ಡರ್ಸನ್ ಅಂದ್ರೆ ಯಾರ್ರೀ? ಬನ್ನಿ ಇಲ್ಲಿ."

ಉಣ್ಣೆಯ ಕೋಟಿನ, ತೆಳ್ಳನೆಯ ಮನುಷ್ಯ ಬಂದ. ಪೌಲೀನ್ ಚಿತ್ರದ ಮೇಲೆ ಬೆರಳಿಟ್ಟಳು. "ಇದು ನಮ್ಮನೆ ಮೆಟ್ಟಿಲು. ಆ ಕಟಕಟೆ ನಮ್ಮಪ್ಪ ಮಾಡಿದ್ದು."

"ಮೇಡಂ, ಇದು ಪೋರ್ತೋ," ಎಂದ ಅವನು, ಮಕ್ಕಳಿಗೆ ಹೇಳುವ ದನಿಯಲ್ಲಿ. "ಎರಡು ಊರಿಗೂ ಹೋಲಿಕೆ ಇದೆ ಅಂತ್ಲೇ ಅಲ್ವಾ ಈ ಪ್ರದರ್ಶನ. ನಿಮಗೆ ಹಾಗನ್ಸಿದ್ರೆ ನಮ್ಮ ಕೆಲಸ ಗೆದ್ದ ಹಾಗೆ."

"ಹೋಲಿಕೆ ಅಲ್ಲ ಕಣಯ್ಯ. ಆ ಹಗ್ಗದ ಮೇಲಿರೋದು ನನ್ನ ಅಂಗಿ."

"ನೀಲಿ ಅಂಗಿ ಯುರೋಪಲ್ಲೂ ಇರತ್ತೆ ಮೇಡಂ."

"ಹೌದಾ? ಯುರೋಪಿನ ಅಂಗಿ ಮೇಲೆ ಅಮೆರಿಕದ ಅಂಚೆ ಹದ್ದು ಕೂತಿರತ್ತಾ?" ಎಂದವಳೇ ಪಕ್ಕಕ್ಕೆ ತಿರುಗಿ ತಾನು ತೊಟ್ಟಿದ್ದ ಅಂಗಿಯ ಗುರುತು ತೋರಿಸಿದಳು. ಗುಂಪು ಒಮ್ಮೆಗೇ ಮುಂದೆ ಬಾಗಿತು. ಚಿತ್ರದ ಅಂಗಿಯ ಮೇಲೆ ಹೆಬ್ಬೆಟ್ಟಿನಷ್ಟು ದೊಡ್ಡದಾಗಿ ಅದೇ ಹದ್ದು.

ಪೋರ್ತೋದಿಂದ ಅತಿಥಿಯಾಗಿ ಬಂದಿದ್ದ ಫಿಲೊಮೆನಾ ಎಂಬ ಎಂಜಿನಿಯರ್ ಅಲ್ಲೇ ಇದ್ದಳು. ಅವಳು ಬಲಗಡೆಯ ಚಿತ್ರದ ಹತ್ತಿರ ಹೋದಳು. "ನಾನು ಬಾಯಿಬಿಡೋದೋ ಬೇಡವೋ ಅಂತಿದ್ದೆ. ಈ ಪಾಚಿ ಮೆಟ್ಟಿಲು ನಮ್ಮೂರಿಂದು. ನಮ್ಮಜ್ಜಿ ಮನೆ ಇಲ್ಲೇ ಮೇಲಿತ್ತು. ಈಗ ಅಲ್ಲಿ ಊರಿನವರು ಯಾರೂ ಇಲ್ಲ, ಎಲ್ಲಾ ಪ್ರವಾಸಿಗರ ವಾರದ ಬಾಡಿಗೆ ಮನೆಗಳು. ಮೆಟ್ಟಿಲು ಬಳಿಯೋರು ಯಾರು? ಬೆಕ್ಕು ಬಳಿಯತ್ತಾ?"

ಆಲ್ಡರ್ಸನ್ ಕೆಂಪಾದ. ನಂತರ ನಕ್ಕ. ಆಮೇಲೆ ಎಲ್ಲರೂ ನಕ್ಕರು, ಮುತ್ತಿನ ಸರದಾಕೆ ಎಲ್ಲರಿಗಿಂತ ಜೋರಾಗಿ. ಅವನ ಕಚೇರಿಯಲ್ಲಿ ಯಾರೋ ಅಡಿಬರಹ ಅದಲುಬದಲು ಮಾಡಿದ್ದರಂತೆ. ಅಲ್ಲೇ ಚೀಟಿಗಳನ್ನು ಕಿತ್ತು ಸರಿಯಾದ ಕಡೆ ಅಂಟಿಸಿದರು, ಚಪ್ಪಾಳೆಯೂ ಬಿತ್ತು. ಪೌಲೀನಳ ಮುಖ ಅರಳಿತ್ತು. ಲಗತ್ತಿಸಬೇಕಾಗಿದ್ದ ಚಿತ್ರ ಯಾವುದೆಂದು ಈಗ ಗೊತ್ತಾಗಿತ್ತಲ್ಲ. ಪೋರ್ತೋದ ಪಾಚಿ ನೋಡಿ ನಮ್ಮ ಮೆಟ್ಟಿಲಿಗೆ ಮರಣದಂಡನೆ ಬರೆದಿದ್ದರು.

"ಹಾಗಾದ್ರೆ ನೋಟೀಸು ಹರಿದು ಹಾಕಿ," ಎಂದಳು.

"ಖಂಡಿತ ಮರುಪರಿಶೀಲನೆ ಮಾಡ್ತೀವಿ," ಎಂದ ಆಲ್ಡರ್ಸನ್.

ನಾನು ಕೋಟು ತರಲು ಹೋಗಿ ಹದಿನೈದು ನಿಮಿಷದಲ್ಲಿ ಮರಳಿ ಬಂದಾಗ ಅದೇ ಮುತ್ತಿನ ಸರದಾಕೆ ಅದೇ ಚಿತ್ರಗಳ ಮುಂದೆ ಗೆಳತಿಯೊಬ್ಬಳ ಜೊತೆ ನಿಂತಿದ್ದಳು. ಈಗ ನಮ್ಮ ಮೆಟ್ಟಿಲಿನ ಅಡಿಯಲ್ಲಿ ನಮ್ಮ ಹೆಸರಿತ್ತು. "ಅಯ್ಯೋ ಪಾಪ, ಡಬ್ಬದಲ್ಲಿ ಟೊಮೆಟೊ! ಇಂಥ ಕಡೆ ಇನ್ನೂ ಜನ ಇದ್ದಾರಲ್ಲ," ಎನ್ನುತ್ತಿದ್ದಳು. ಪಾಚಿಯ ಕಡೆ ತಿರುಗಿ, "ಇದು ನೋಡು, ಕಾಲದ ಗುರುತು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ," ಎಂದಳು. ಚಿತ್ರ ಬದಲಾಗಿರಲಿಲ್ಲ. ಬಿಸಿಲು, ಅಂಗಿ, ಕಟಕಟೆ ಎಲ್ಲ ಇದ್ದ ಹಾಗೇ ಇದ್ದವು. ನನಗೆ ಆ ಹೊತ್ತಿನಲ್ಲಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆಕೆಯ ಕೈಯಲ್ಲಿದ್ದ ದ್ರಾಕ್ಷಾರಸದ ಲೋಟ ಕಸಿದು ಅಲ್ಲೇ ಸುರಿಯಬೇಕೆನಿಸಿತ್ತು. ಸುರಿಯಲಿಲ್ಲ. ಪೌಲೀನ್ ಆ ಮಾತು ಕೇಳಿಸಿಕೊಂಡಿರಲಿಲ್ಲ, ನಾನೂ ಹೇಳಲಿಲ್ಲ.

ಹೇಳುವ ಅಗತ್ಯವೂ ಬೀಳಲಿಲ್ಲ. ಎರಡು ವಾರದ ಮೇಲೆ ಕಾಗದ ಬಂತು. ಐದು ಮನೆಗೂ ಅದನ್ನು ಹಂಚಿದವಳು ಪೌಲೀನಳೇ, ಅವಳ ಕೆಲಸವಲ್ಲವೇ. ಅದರಲ್ಲಿ ಎರಡೇ ಸಾಲು: ವರದಿಯ ಚಿತ್ರ ಮತ್ತು ಅಡಿಬರಹವನ್ನು ತಿದ್ದಲಾಗಿದೆ. ಶಿಫಾರಸಿನಲ್ಲಿ ಬದಲಾವಣೆ ಇಲ್ಲ.

ಪೌಲೀನ್ ನನ್ನ ಅಡುಗೆಮನೆಯಲ್ಲಿ ಕೂತು ಅದನ್ನು ಮೇಜಿನ ಮೇಲೆ ಕುಟ್ಟಿದಳು. "ಪೋರ್ತೋ ಅಂದ್ಕೊಂಡಾಗ ಕಣ್ಣೀರು ಹಾಕಿದ್ರು. ನಮ್ದು ಅಂತ ಗೊತ್ತಾದ ಮೇಲೆ ಅದೇ ಮೆಟ್ಟಿಲು ಕಸ! ನಾನೇನು ಪೋರ್ತೋಗೆ ಹುಟ್ಟಬೇಕಿತ್ತಾ? ಅಲ್ಲಿ ಹುಟ್ಟಿದ್ರೆ ಆ ಫಿಲೊಮೆನಾ ಥರ ಅಜ್ಜಿ ಮನೆ ಕಳ್ಕೊಂಡು ಕೂತಿರ್ತಿದ್ದೆ. ಯಾವ ಊರಲ್ಲಿದ್ರೂ ಇವ್ರಿಗೆ ಮೆಟ್ಟಿಲು ಬೇಕು, ಅದರ ಮೇಲೆ ಹತ್ತೋರು ಬೇಡ."

ನವೆಂಬರಿನ ಮೊದಲ ಸೋಮವಾರ ಬೆಳಿಗ್ಗೆ ಏಳಕ್ಕೆ ಲಾರಿ ಬಂತು. ಅಷ್ಟರಲ್ಲಿ ಪೌಲೀನ್ ತನ್ನ ಅಡುಗೆಮನೆಯ ಕುರ್ಚಿಯೊಂದನ್ನು ಹೊತ್ತು ಇಳಿದು, ಮೊದಲ ಮೆಟ್ಟಿಲಿನ ಮುಂದೆ ನಟ್ಟನಡುವೆ ಇಟ್ಟು, ವರಾಂಡದಲ್ಲಿ ಕಾಫಿ ಹಿಡಿದು ನಿಂತಿದ್ದಳು.

ನಮ್ಮಲ್ಲಿ ಹಿಮ ಬಿದ್ದಾಗ ಒಬ್ಬ ತನ್ನ ಕಾರಿನ ಜಾಗ ಅಗೆದು ಬಿಡಿಸಿಕೊಂಡು, ಕೆಲಸಕ್ಕೆ ಹೋಗುವಾಗ ಅಲ್ಲೊಂದು ಕುರ್ಚಿ ಇಟ್ಟರೆ ಆ ಜಾಗ ಅವನದು. ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ. ಆದರೂ ಪೊಲೀಸರು ಮುಟ್ಟುವುದಿಲ್ಲ, ಪಾದ್ರಿ ಮುಟ್ಟುವುದಿಲ್ಲ, ಹೆಣದ ಗಾಡಿಯವರೂ ಸುತ್ತಿ ಹೋಗುತ್ತಾರೆ. ನಾನು ಬಂದ ಮೊದಲ ಚಳಿಗಾಲದಲ್ಲಿ ಅರಿಯದೆ ಗೆಳೆಯನ ಕಾರು ನಿಲ್ಲಿಸಲು ಒಂದು ಕುರ್ಚಿಯನ್ನು ಪಕ್ಕಕ್ಕೆ ಸರಿಸಿದ್ದೆ. ಈಸ್ಟರ್ ಹಬ್ಬದವರೆಗೆ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬರೂ ಕೂರಲಿಲ್ಲ.

ಲಾರಿಯಿಂದ ಇಳಿದ ಮೇಸ್ತ್ರಿ ರೀಜಿಸ್ ಮಕ್‌ನಾಲ್ಟಿ ಹತ್ತು ಹೆಜ್ಜೆ ಬಂದು ನಿಂತುಬಿಟ್ಟ. ಅವನ ಹಿಂದೆ ನಾಲ್ಕು ಜನ ನಿಂತರು. ಕೈಗಳು ಜೇಬಿಗೆ ಹೋದವು. ತನ್ನ ಕಾರಿನಿಂದ ಇಳಿದು ಬಂದ ಆಲ್ಡರ್ಸನ್ ಕೇಳಿದ: "ಏನಾಯ್ತು? ಯಾಕೆ ನಿಂತ್ರಿ?"

"ಕುರ್ಚಿ ಇದೆ," ಎಂದ ರೀಜಿಸ್.

"ಖಾಲಿ ಕುರ್ಚಿ! ಸರಿಸಿ ಪಕ್ಕಕ್ಕೆ."

"ಖಾಲಿ ಇದ್ದರೇ ಸಾರ್ ತೊಂದ್ರೆ. ಯಾರಾದ್ರೂ ಕೂತಿದ್ರೆ ಏಳಿ ಅನ್ನಬಹುದಿತ್ತು."

"ನನ್ನ ಕೈಯಲ್ಲಿ ಆದೇಶ ಇದೆ ಕಣ್ರೀ!"

"ಇರಲಿ ಸಾರ್. ಆದೇಶ ಇಟ್ಕೊಂಡು ನೀವು ವಿಮಾನ ಹತ್ತಿ ಹೋಗ್ತೀರಾ. ನಾನು ಇಲ್ಲೇ ಇರಬೇಕು. ನಮ್ಮಮ್ಮಂಗೆ ಗೊತ್ತಾದ್ರೆ ನನಗೆ ಊಟ ಹಾಕಲ್ಲ."

ಆಲ್ಡರ್ಸನ್ ತಾನೇ ಹೋಗಿ ಕುರ್ಚಿಯನ್ನು ಎತ್ತಿ ಹುಲ್ಲಿನ ಮೇಲೆ ಇಟ್ಟ. ನಾಲ್ವರು ಕೆಲಸಗಾರರಲ್ಲಿ ಒಬ್ಬ ಎದೆಯ ಮೇಲೆ ಶಿಲುಬೆ ಎಳೆದುಕೊಂಡ. ಮೇಲೆ ಪೌಲೀನ್ ಕಾಫಿ ಗುಟುಕರಿಸಿದಳು. ರೀಜಿಸ್ ಹುಲ್ಲಿನ ಕಡೆ ನಡೆದು, ಕುರ್ಚಿಯನ್ನು ಎತ್ತಿ ತಂದು, ಇದ್ದ ಜಾಗದಲ್ಲೇ ಇಟ್ಟು, ಅದರ ಸೀಟನ್ನು ತೋಳಿನಿಂದ ಒರೆಸಿದ. ಆಮೇಲೆ ಐವರೂ ಲಾರಿ ಹತ್ತಿ ಹೋದರು.

ಆ ಕುರ್ಚಿ ಚಳಿಗಾಲವಿಡೀ ಅಲ್ಲೇ ಇತ್ತು. ಇನ್ನೆರಡು ಸಲ ಲಾರಿ ಬಂತು, ಎರಡು ಸಲವೂ ಮರಳಿ ಹೋಯಿತು. ಪೌಲೀನ್ ದಿನಾ ಬೆಳಿಗ್ಗೆ ಚೀಲ ಹೊತ್ತು ಅದರ ಪಕ್ಕದಲ್ಲೇ ಹಾದು ಕೆಲಸಕ್ಕೆ ಹೋಗುತ್ತಿದ್ದಳು. ಅದನ್ನೇ ನಂಬಿ ನಾವು ಮಾರ್ಚಿನಲ್ಲಿ ಮೇಲಿನ ಹದಿನಾಲ್ಕು ಮೆಟ್ಟಿಲಿಗೆ ಹೊಸ ತೇಪೆಯನ್ನೂ ಹಾಕಿದೆವು.

ಹೋದ ಶುಕ್ರವಾರ ಹೊಸ ಕಾಗದ ಬಂದಿದೆ. ಕೆಲಸವನ್ನು ಬೇರೆ ಗುತ್ತಿಗೆದಾರರಿಗೆ ಕೊಟ್ಟಿದ್ದಾರೆ. ಅರಿಝೋನಾದವರಂತೆ. ಹಿಮ ಕಾಣದ, ಕುರ್ಚಿ ಎಂದರೆ ಬರೀ ಕುರ್ಚಿ ಎಂದುಕೊಂಡ ಜನ. ಹುಡುಕಿ ಹುಡುಕಿ ತಂದಿದ್ದಾರೆ.

ಪೌಲೀನ್ ಮೂವತ್ತೇಳು ವರ್ಷದಲ್ಲಿ ಮೊದಲ ಸಲ ರಜೆ ಹಾಕಿದ್ದಾಳೆ. ಇವತ್ತು ಬೆಳಿಗ್ಗೆ ಆರರಿಂದ ಆ ಕುರ್ಚಿಯ ಮೇಲೆ ಕೂತಿದ್ದಾಳೆ, ತೊಡೆಯ ಮೇಲೆ ಕಂಬಳಿ, ಪಕ್ಕದಲ್ಲಿ ಸುರುಳಿಯ ಡಬ್ಬ. ಕೂತು ಮಾಡುವ ಕೆಲಸ ಒಗ್ಗದವಳು. ಅವರು ಇನ್ನೂ ಬಂದಿಲ್ಲ. ಮಧ್ಯಾಹ್ನದ ಮೇಲೆ ನನ್ನ ಸರದಿ.